ಎಡಗಾಲ ಬೆರಳು ಅಲುಗಿತು

ನಾವು ತೆಗೆದ ಸಿನಿಮಾ ಟಿವಿಯಲ್ಲಿ ಬಂದ ಭಾನುವಾರ ಮಧ್ಯಾಹ್ನ ಅಮ್ಮ ಒಗ್ಗಾಣಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಿದ್ದಳು. ಮಗಳ ಹೆಸರು ಕೊನೆಯಲ್ಲಿ ಬರುತ್ತದೆಂದು ಓಣಿಯ ಇಬ್ಬರು ಹೆಂಗಸರನ್ನೂ ಕರೆದಿದ್ದಳು. ಸಿನಿಮಾ ಅರ್ಧ ಮುಗಿಯುವ ಹೊತ್ತಿಗೆ ಹೆಣ ಸಿಗುವ ದೃಶ್ಯ ಬಂತು. ಅಕ್ಕಿ ಗಿರಣಿಯ ಹೊಟ್ಟಿನ ಕೋಣೆ, ಮಾಡಿನವರೆಗೆ ಏರಿದ ಭತ್ತದ ಹೊಟ್ಟಿನ ರಾಶಿ, ತಗಡಿನ ಸಂದಿಯಿಂದ ಓರೆಯಾಗಿ ಇಳಿದ ಬಿಸಿಲು. ಆ ಬಿಸಿಲಿನ ತುದಿಯಲ್ಲಿ, ರಾಶಿಯಿಂದ ಹೊರಗೆ ಚಾಚಿದ ಒಂದು ಎಡಗಾಲು. ಎರಡನೇ ಬೆರಳಿಗೆ ಬೆಳ್ಳಿಯ ಕಾಲುಂಗುರ.

"ಎಷ್ಟು ಚಂದ ಸತ್ತಾಳ ನೋಡ್ರಿ," ಅಂದಳು ಅಮ್ಮ ಪಕ್ಕದವರಿಗೆ. "ಒಂಚೂರರೆ ಅಲ್ಲಾಡ್ಯಾಳೇನು?"

ನಾನು ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ. ಆ ಕಾಲು ಅಲುಗಿತ್ತು. ಅದು ಅಲುಗಿದ್ದನ್ನು ಎಲ್ಲರಿಗಿಂತ ಮೊದಲು ನೋಡಿದವಳು ನಾನು. ನೋಡಿ ಕೂಗಲಿಲ್ಲ, ಬರೆದುಕೊಂಡೆ. ಈ ಮಾತನ್ನು ಆ ಹೆಣ್ಣುಮಗಳಿಗೆ ಹೇಳಲು ನನಗೆ ಎಂಟು ತಿಂಗಳು ಬೇಕಾದವು.

ನನಗೆ ಆ ಕೆಲಸ ಸಿಕ್ಕಿದ್ದೇ ಅಮ್ಮನ ಓದಿನ ಹುಚ್ಚಿನಿಂದ. ಬಳ್ಳಾರಿಯ ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ತೆಲುಗು. ಅಮ್ಮ ತೆಲುಗು ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಪತ್ತೇದಾರಿ ಧಾರಾವಾಹಿಗಳ ಹಾಳೆಗಳನ್ನು ವಾರವಾರವೂ ಕಿತ್ತು, ಕಥೆ ಮುಗಿದ ಮೇಲೆ ದಬ್ಬಣದಿಂದ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದಳು. ನಾನು ತೆಲುಗು ಅಕ್ಷರ ಕಲಿತದ್ದು ಕೊಲೆಗಾರ ಯಾರು ಎಂದು ತಿಳಿಯುವ ಆಸೆಗೆ. ಮುಂದೆ ಎಂ.ಎ. ಮಾಡಿ, ಖಾಸಗಿ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಕನ್ನಡ ಹೇಳಿಕೊಡುವಾಗಲೂ ಚೀಲದಲ್ಲಿ ಅಂಥದ್ದೊಂದು ಪುಸ್ತಕ ಇದ್ದೇ ಇರುತ್ತಿತ್ತು.

ಟಿವಿ ಚಾನೆಲ್ಲೊಂದು ತಿಂಗಳಿಗೊಂದರಂತೆ ಜನಪ್ರಿಯ ಪತ್ತೇದಾರಿ ಕಾದಂಬರಿಗಳನ್ನು ಒಂದೂವರೆ ಗಂಟೆಯ ಸಿನಿಮಾ ಮಾಡಿ ತೋರಿಸಲು ಹೊರಟಿತ್ತು. ಅದರಲ್ಲೊಂದು ಅಮ್ಮ ಹೊಲಿದಿಟ್ಟ ಕಥೆಯೇ, ಕನ್ನಡಕ್ಕೆ ಬಂದು ಇಲ್ಲಿಯೂ ಹೆಸರಾದದ್ದು. ಕಥೆಯಲ್ಲಿ ಹಳೆಯ ದಂಡಿನ ಬಂಗಲೆ ಬೇಕಿತ್ತು. ಹಾಗಾಗಿ ತಂಡ ಬೆಂಗಳೂರಿನಿಂದ ನಮ್ಮ ಕಂಟೋನ್ಮೆಂಟಿಗೆ ಬಂತು. ಆ ಕಾದಂಬರಿ ನನಗೆ ಬಾಯಿಪಾಠವೆಂದು ಯಾರೋ ಹೇಳಿದ್ದರು. ನಿರ್ದೇಶಕರು ಕರೆಸಿ, ಎರಡು ಪ್ರಶ್ನೆ ಕೇಳಿ, ಕಂಟಿನ್ಯುಟಿ ಬರೆಯಲು ಹಚ್ಚಿದರು.

ಸಿನಿಮಾವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಬಾಗಿಲು ತೆರೆಯುವುದನ್ನು ಇವತ್ತು ತೆಗೆದರೆ ಒಳಗೆ ಕಾಲಿಡುವುದನ್ನು ನಾಲ್ಕು ದಿನ ಬಿಟ್ಟು ತೆಗೆಯುತ್ತಾರೆ. ಆಗ ಚೀಲ ಯಾವ ಹೆಗಲಿಗಿತ್ತು, ಲೋಟದಲ್ಲಿ ಚಹಾ ಎಷ್ಟಿತ್ತು, ಸೆರಗು ಹೇಗಿತ್ತು ಎಂಬುದನ್ನೆಲ್ಲ ಒಬ್ಬರು ಬರೆದಿಡಬೇಕು. ಪ್ರತಿ ಟೇಕಿಗೂ ಒಂದು ಸಾಲು. ಎಷ್ಟು ಸೆಕೆಂಡು, ತಪ್ಪೇನಾಯಿತು, ಮತ್ತೆ ತೆಗೆಯಬೇಕೋ ಬೇಡವೋ. ಕೊರಳಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಕ್ಲಿಪ್ಪು ಹಾಕಿದ ರಟ್ಟು. ಇಷ್ಟು ವರ್ಷ ಕೊಲೆಯ ಪುಸ್ತಕ ಓದಿ ಸಣ್ಣಸಣ್ಣದನ್ನು ಗಮನಿಸುವ ಚಟ ಬೆಳೆಸಿಕೊಂಡವಳಿಗೆ ಇದಕ್ಕಿಂತ ಸುಖದ ಕೆಲಸ ಇರಲಿಲ್ಲ. ಮೊದಲ ದಿನವೇ ನಾಯಕನ ಕೈಗಡಿಯಾರ ಬಲಗೈಗೆ ಹೋದದ್ದನ್ನು ಹಿಡಿದೆ. ನನ್ನ ಕಣ್ಣಿನ ಬಗ್ಗೆ ನನಗೆ ಸೊಕ್ಕು ಬಂತು. ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ.

ಕಾದಂಬರಿಯಲ್ಲಿ ಎರಡನೇ ಹೆಣ ಸಿಗುವುದು ಬಂಗಲೆಯ ಹಿಂದಿನ ಬಾವಿಯಲ್ಲಿ. ನಿರ್ದೇಶಕರು ಆ ಪುಟ ತಿರುವಿ ತಲೆ ಕೆರೆದುಕೊಂಡರು.

"ಬಾವಿ ಅಂದ್ರೆ ಈಜೋರು ಬೇಕು, ಹಗ್ಗ ಬೇಕು, ನೀರಿನೊಳಗೆ ಲೈಟು ಬೇಕು. ಅಪಾಯ ಬೇರೆ. ನೀವು ಈ ಕಡೆಯವರಲ್ವಾ, ಬೇರೆ ಏನಾದ್ರೂ ಹೇಳಿ. ಇಲ್ಲಿಯದ್ದೇ ಆಗಿರಬೇಕು."

ಸಿರುಗುಪ್ಪದ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಕಂಡಿದ್ದ ಹೊಟ್ಟಿನ ರಾಶಿಗಳು ನನ್ನ ಕಣ್ಣೆದುರು ಬಂದವು. ಗಿರಣಿಯ ಹೊಟ್ಟಿನ ಕೋಣೆಯಲ್ಲಿ ಹೆಣ ಮುಚ್ಚಿಟ್ಟರೆ ಹೇಗೆ ಎಂದೆ. ಹೊರಗೆ ಒಂದು ಕಾಲು ಮಾತ್ರ ಕಾಣಲಿ ಎಂದೆ. ಅವರು ಎದ್ದು ನಿಂತು ಕೈ ಕುಲುಕಿದರು. ಅಪಾಯ ಎಂದು ಬಾವಿಯನ್ನು ಬಿಟ್ಟವರು ನಾವು. ಹೊಟ್ಟನ್ನು ಆರಿಸಿದವಳು ನಾನು.

ಸಿರುಗುಪ್ಪಕ್ಕೆ ಹೋಗುವ ಮುಂಚೆ ಕಂಟೋನ್ಮೆಂಟಿನ ಬಂಗಲೆಯಲ್ಲಿ ಮೊದಲ ಹೆಣದ ದೃಶ್ಯ ತೆಗೆದೆವು. ಹೆಣವಾದವರು ಊರಿನವರೇ, ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು. ಆರಾಮಕುರ್ಚಿಯಲ್ಲಿ ತಲೆ ವಾಲಿಸಿ ಚೆನ್ನಾಗಿಯೇ ಸತ್ತರು. ಶಾಟ್ ಸರಿಬಂದ ಮೇಲೂ ಕ್ಯಾಮೆರಾ ನಿಲ್ಲಿಸಲಿಲ್ಲ. "ಸಾರ್, ಈಗ ಎದ್ದು ನಗಿ," ಅಂದರು ನಿರ್ದೇಶಕರು. ಸಿನಿಮಾದವರಲ್ಲಿ ಅದೊಂದು ಪದ್ಧತಿ. ಹೆಣದ ವೇಷ ಹಾಕಿದವರು ಆ ಜಾಗದಲ್ಲೇ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಆ ನಗುವನ್ನು ತೆಗೆಯಬೇಕು. ಇಲ್ಲದಿದ್ದರೆ ಸತ್ತಂತೆ ತೆಗೆದದ್ದು ಹಾಗೆಯೇ ಉಳಿದು ಕೆಡುಕಾಗುತ್ತದೆಂಬ ನಂಬಿಕೆ. ಪೋಸ್ಟ್‌ಮಾಸ್ಟರು ಹಲ್ಲಿನ ಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಸತ್ತಿದ್ದರು. "ತಡಿರಿ, ಹಲ್ಲು ಹಾಕ್ಕೊಂಡು ನಗ್ತೀನಿ," ಅಂದಾಗ ಇಡೀ ತಂಡ ನಕ್ಕಿತು. ನಾನು ಹಾಳೆಯಲ್ಲಿ ಬರೆದೆ: ನಗು, ಏಳು ಸೆಕೆಂಡು.

ಸಿರುಗುಪ್ಪದ ಗಿರಣಿಯಲ್ಲಿ ಎರಡು ದಿನ. ಮೊದಲ ದಿನ ಹೊಟ್ಟಿನ ಕೋಣೆಗೆ ಪೊಲೀಸರು ಬರುವುದು, ಬಾಗಿಲು ಮುರಿಯುವುದು, ರಾಶಿಯನ್ನು ದೂರದಿಂದ ನೋಡುವುದು. ಎರಡನೇ ದಿನ ಕಾಲು. ಸಾಯಬೇಕಾದ ನಟಿ ಮೊದಲ ದಿನವೇ ಕೈಗೆ ಒಂದು ಹಿಡಿ ಹೊಟ್ಟು ತಗೊಂಡು, ಮೈಯೆಲ್ಲ ತುರಿಸುತ್ತದೆಂದು ಒಲ್ಲೆ ಅಂದಿದ್ದಳು. ಕಾಲೊಂದೇ ತಾನೇ, ಗಿರಣಿಯಲ್ಲೇ ಯಾರಾದರೂ ಸಿಗುತ್ತಾರೆ ಎಂದಾಯಿತು. ಅಲ್ಲಿ ಅಂಗಳ ಗುಡಿಸಿ ಹೊಟ್ಟು ತುಂಬುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಾಲು ನೋಡಿದವಳೂ ನಾನೇ. ನಟಿಯ ಕಾಲಿಗೆ ಹೊಂದುವ ಕಾಲು ಬೇಕಿತ್ತು.

ನಾನು ಆರಿಸಿದ್ದು ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳನ್ನು. ತವರು ಕುರುಗೋಡು, ಸಿರುಗುಪ್ಪಕ್ಕೆ ಕೊಟ್ಟಿದ್ದರು. ಗಂಡನೂ ಅದೇ ಗಿರಣಿಯಲ್ಲಿ ಹಮಾಲಿ. ಆವತ್ತು ಲಾರಿಯ ಜೊತೆ ಹೊರಗೆ ಹೋಗಿದ್ದ. ಆಕೆಯ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮಾರಿ ಬ್ಯಾಡ, ಕಾಲು ಬೇಕಂತ," ಎಂದು ಗೆಳತಿಯರಿಗೆ ಹೇಳಿ ನಕ್ಕಳು. "ನಮ್ಮತ್ತಿಗೆ ಗೊತ್ತಾದ್ರ ಅಷ್ಟ. ಕಾಲು ಟಿವಿಯಾಗ ಬಂದ್ರ ಕಾಲಿಗೆ ಬೀಳಬೇಕಾಕ್ಕತಿ ಅಂತ ಮುನಿಸಿಕೊಂತಾಳ."

ಎರಡನೇ ದಿನ ಮುಂಜಾನೆ ಗಿರಣಿ ನಡೆದಿತ್ತು. ಹಾಗಾಗಿ ರಾಶಿಯ ಮೇಲೆ ಹೊಸ ಹೊಟ್ಟು ಬಿದ್ದಿತ್ತು. ಮಧ್ಯಾಹ್ನ ನಮಗೋಸ್ಕರ ಯಂತ್ರ ನಿಲ್ಲಿಸಿದರು. ಸಿರಿಗೇರಿಯಿಂದ ಬರುವ ಒಬ್ಬ ಹಿರಿಯ ಹಮಾಲಿ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ, ಹತ್ತಿರವಿದ್ದ ನನಗೆ ಹೇಳಿದ:

"ಅಮ್ಮಾ, ಇದು ಹೊಸದು, ಇನ್ನಾ ಕುಂತಿಲ್ಲ. ಜಾರ್ತೈತಿ. ಮ್ಯಾಲೆ ನಾಕು ಕೊಡ ನೀರು ಹೊಡೀರಿ, ಗಟ್ಟಿ ಕುಂದ್ರತೈತಿ."

ನೀರು ಹೊಡೆದರೆ ಹೊಟ್ಟು ಕಪ್ಪಾಗುತ್ತದೆ. ನಿನ್ನೆ ತೆಗೆದ ಶಾಟ್‌ಗಳಲ್ಲಿ ರಾಶಿ ಒಣಗಿದ ಬಂಗಾರದ ಬಣ್ಣ. ಎರಡೂ ಹೊಂದುವುದಿಲ್ಲ. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

"ಬ್ಯಾಡಪ್ಪ, ಬಣ್ಣ ಬದಲಾಕ್ಕತಿ," ಎಂದೆ.

"ಬಣ್ಣಾನ?" ಎಂದ. ನನ್ನ ಮುಖ ಒಂದು ಸಲ ನೋಡಿ, ಬಾಗಿಲ ಹತ್ತಿರ ಹೋಗಿ ನಿಂತುಕೊಂಡ. ಇಡೀ ಶೂಟಿಂಗಿನಲ್ಲಿ ಅವನು ಅಲ್ಲಿಂದ ಕದಲಲಿಲ್ಲ. ಆ ದಿನ ಒಂದು ಜೀವ ಉಳಿದದ್ದು ಅವನು ಕದಲದೆ ನಿಂತದ್ದರಿಂದ.

ಆಕೆಯನ್ನು ರಾಶಿಯ ಬುಡದಲ್ಲಿ ಮಲಗಿಸಿದರು. ಮುಖದ ಮೇಲೆ ಬಿದಿರಿನ ಬುಟ್ಟಿಯೊಂದನ್ನು ಬೋರಲಾಗಿ ಇಟ್ಟರು, ಉಸಿರಾಡಲು. ಬುಟ್ಟಿಯ ಮೇಲೆ, ಮೈಯ ಮೇಲೆ ತೆಳ್ಳಗೆ ಹೊಟ್ಟು ಹರಡಿದರು. ಎಡಗಾಲು ಮಾತ್ರ ಹೊರಗೆ. ಮೊದಲ ಟೇಕಿನಲ್ಲಿ ಬಿಸಿಲು ಮೋಡದ ಹಿಂದೆ ಹೋಯಿತು. ಎರಡನೆಯದರಲ್ಲಿ ನೊಣ ಕೂತು ಆಕೆ ಬೆರಳು ಮಡಚಿದಳು. ಕ್ಯಾಮೆರಾದವರಿಗೂ ಕಾಣದ್ದು ನನಗೆ ಕಂಡಿತು. "ಕಣ್ಣು ಅಂದ್ರೆ ಇದು," ಎಂದರು ನಿರ್ದೇಶಕರು ಎಲ್ಲರೆದುರು. ನಾನೇ ಹೋಗಿ ಬುಟ್ಟಿ ಎತ್ತಿದೆ. ಆಕೆಯ ರೆಪ್ಪೆಯ ಮೇಲೆಲ್ಲ ಹೊಟ್ಟಿನ ಧೂಳಿತ್ತು.

"ತಂಗೀ, ನಿನ್ನ ಮಾರಿ ಕಾಣಂಗಿಲ್ಲ, ಕಾಲಷ್ಟ ಕಾಣತೈತಿ. ನಾ ಅದನ್ನ ನೋಡ್ಕೊಂತ ಕುಂತಿರ್ತೀನಿ. ಬೆರಳು ಅಲ್ಲಾಡ್ತಂದ್ರ ಮತ್ತ ಮೊದಲಿಂದ ತೆಗೀಬೇಕಾಕ್ಕತಿ."

"ಆತು ಬಿಡ್ರಿ ಅಕ್ಕಾರ," ಎಂದಳು. "ಈ ಸಲ ಖರೇ ಖರೇ ಸಾಯ್ತೀನಿ."

ಅಲ್ಲಿದ್ದ ಹೆಂಗಸರು "ಥೂ, ಬಿಡ್ತು ಅನ್ನಬೇ" ಎಂದು ಬೈದರು. ಆಕೆ "ಬಿಡ್ತು, ಬಿಡ್ತು" ಎನ್ನುತ್ತ ತಾನೇ ಬುಟ್ಟಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಮೂರನೇ ಟೇಕು. ಸ್ಟಾಪ್‌ವಾಚ್ ಒತ್ತಿದೆ. ಹತ್ತು ಸೆಕೆಂಡಿನ ಸುಮಾರಿಗೆ ರಾಶಿಯ ನೆತ್ತಿಯಿಂದ ಒಂದು ಪದರ ಸದ್ದಿಲ್ಲದೆ ಜಾರಿತು. ಹಾಲು ಉಕ್ಕಿ ಪಾತ್ರೆಯ ಅಂಚಿನಿಂದ ಇಳಿಯುತ್ತದಲ್ಲ, ಹಾಗೆ. ಬಿಸಿಲಿನಲ್ಲಿ ಧೂಳು ಹೊಳೆಯಿತು. ಎಷ್ಟು ಚೆಂದ ಇತ್ತೆಂದರೆ ನಿರ್ದೇಶಕರು ಉಸಿರು ಬಿಗಿಹಿಡಿದು, ನಿಲ್ಲಿಸಬೇಡಿ ಎಂದು ಕ್ಯಾಮೆರಾದವರಿಗೆ ಕೈಸನ್ನೆ ಮಾಡಿದರು. ಹೊಟ್ಟು ಬುಟ್ಟಿಯಿದ್ದ ಕಡೆಗೆ ಇಳಿಯಿತು. ಬುಟ್ಟಿ ಹೊಟ್ಟಿನ ಅಡಿಯಲ್ಲಿತ್ತು, ಅದು ಮಗುಚಿದ್ದು ಯಾರಿಗೂ ಕಾಣಲಿಲ್ಲ. ನಾನು ಕಾಲನ್ನು ನೋಡುತ್ತಿದ್ದೆ.

ಬೆರಳು ಅಲುಗಿತು. ಕಾಲುಂಗುರ ಮಿಂಚಿತು. ಹತ್ತೊಂಬತ್ತನೇ ಸೆಕೆಂಡು.

ಅಯ್ಯೋ, ಇಷ್ಟು ಚಂದದ ಟೇಕು ಹಾಳಾಯಿತಲ್ಲ ಎನ್ನಿಸಿತು. ನನ್ನ ಮನಸ್ಸಿಗೆ ಮೊದಲು ಬಂದದ್ದು ಇದೇ. ಬರೆದೆ: "೧೯. ಎಡಗಾಲ ಬೆರಳು ಅಲುಗಿತು." ತಲೆ ಎತ್ತಿದೆ. ಮತ್ತೆ ಅಲುಗಿತು, ಈ ಸಲ ಪಾದವೇ ಒಂದಿಷ್ಟು ತಿರುಗಿತು. ಇಪ್ಪತ್ತಾರು. ತಲೆ ಬಗ್ಗಿಸಿ ಬರೆದೆ: "೨೬. ಮತ್ತೆ. ಈ ಟೇಕ್ ಬೇಡ. ಮತ್ತೆ ತೆಗೆಯಬೇಕು." ಬೇಡ ಎಂಬುದರ ಕೆಳಗೆ ಗೆರೆ ಎಳೆದೆ. ಗೆರೆ ಎಳೆಯಲು ನನಗೆ ಪುರುಸೊತ್ತಿತ್ತು.

"ಲೇ! ಆ ಹೆಣ್ಣುಮಗಳಿಗೆ ಉಸಿರು ಸಿಗವಲ್ದಲೇ!" ಬಾಗಿಲಿನಿಂದ ಹಿರಿಯ ಹಮಾಲಿಯ ಕೂಗು. "ತೆಗೀರಿ! ತಿಯ್ಯಂಡ್ರಾ, ತಿಯ್ಯಂಡಿ!"

ಅವನು ಕ್ಯಾಮೆರಾದ ಮುಂದಿನಿಂದಲೇ ಓಡಿ ಬಂದು ರಾಶಿಗೆ ಬಿದ್ದ. ಕನ್ನಡ ತೆಲುಗು ಎರಡೂ ಬೆರೆಸಿ ಬೈಯುತ್ತ ಎರಡು ಕೈಯಿಂದ ಹೊಟ್ಟು ಬಾಚಿದ. ತೆಗೆದಷ್ಟೂ ಮೇಲಿನಿಂದ ಜಾರುತ್ತಿತ್ತು. ಹೆಂಗಸರು ಓಡಿ ಬಂದರು, ನಿರ್ದೇಶಕರೂ ಮೊಣಕಾಲೂರಿ ಬಾಚಿದರು. ಕೊನೆಗೆ ಯಾರೋ ಕಾಲು ಹಿಡಿದು ಎಳೆದರು. ಆಕೆ ಹೊರಬಂದಾಗ ಮುಖದಲ್ಲಿ ಮೂಗು ಬಾಯಿ ಗುರುತಿಸಲು ಆಗುತ್ತಿರಲಿಲ್ಲ. ಹಮಾಲಿ ಬೆರಳು ಹಾಕಿ ಬಾಯಿಯಿಂದ ಹೊಟ್ಟು ತೆಗೆದ. ಬೆನ್ನು ಗುದ್ದಿದ. ಎಷ್ಟೋ ಹೊತ್ತಿನ ಮೇಲೆ ಒಂದು ಕೆಮ್ಮು ಬಂತು. ಆ ಕೆಮ್ಮು ಕೇಳಿ ಹೆಂಗಸರು ಅಳತೊಡಗಿದರು.

ನಾನು ಸ್ಟೂಲಿನಿಂದ ಎದ್ದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ. ವ್ಯಾನಿನಲ್ಲಿ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಸಿರುಗುಪ್ಪದ ಆಸ್ಪತ್ರೆಯ ಬಾಗಿಲಲ್ಲಿ ಆಕೆಯನ್ನು ಇಳಿಸಿಕೊಂಡ ಮೇಲೆ ಕೊರಳು ನೋಡಿಕೊಂಡರೆ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು. ಮೂರನೇ ಟೇಕು, ಇಪ್ಪತ್ತೆರಡು ನಿಮಿಷ. ಅದನ್ನು ನಿಲ್ಲಿಸಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಸೆರಗಿನೊಳಗೆ ಮುಚ್ಚಿಕೊಂಡೆ.

ಆಕೆಯನ್ನು ಬಳ್ಳಾರಿಗೆ ಕಳಿಸಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು. ಖರ್ಚನ್ನು ಸಿನಿಮಾ ಕಂಪನಿ ನೋಡಿಕೊಂಡಿತು. ಅನಾಹುತವಾದ ಸಂಜೆಯೇ ಗಿರಣಿಯ ಆಫೀಸಿನಲ್ಲಿ ಕಂಪನಿಯ ಮ್ಯಾನೇಜರರು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ಹಮಾಲಿ ನೀರಿನ ಮಾತನ್ನು ಎತ್ತಲಿಲ್ಲ. ಬಾಗಿಲ ಹೊರಗೆ ಗೋಡೆಗೊರಗಿ ಕೂತು ಬೀಡಿ ಸೇದುತ್ತಿದ್ದ. ನನ್ನ ಸರದಿ ಬಂತು.

"ನೀವು ಕಾಲನ್ನೇ ನೋಡ್ತಾ ಇದ್ರಿ. ಏನಾದ್ರೂ ಕಂಡಿತಾ?"

"ಇಲ್ಲ," ಎಂದೆ.

"ಹಾಳೆ ಕೊಡಿ."

"ಗಡಿಬಿಡಿಯಲ್ಲಿ ಹರಿದಿದೆ. ಚೆನ್ನಾಗಿ ಬರೆದು ಕೊಡ್ತೀನಿ."

ಪಕ್ಕದ ಕೋಣೆಯಲ್ಲಿ ಹೊಸ ಹಾಳೆಯ ಮೇಲೆ ಆ ದಿನದ ಎಲ್ಲ ಟೇಕುಗಳನ್ನು ನನ್ನ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದೆ. ಮೂರನೇ ಟೇಕಿನ ಎದುರಿಗೆ "ಹೊಟ್ಟು ಜಾರಿತು, ನಿಲ್ಲಿಸಲಾಯಿತು" ಎಂದು ಬರೆದೆ. ಅಸಲು ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಮನೆಗೆ ಬಂದು ಅಮ್ಮ ಹೊಲಿದ ಆ ಕಾದಂಬರಿಯ ನಡುವೆ ಸೇರಿಸಿದೆ. ಹರಿದು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ.

ಆ ಕಾದಂಬರಿಯಲ್ಲೂ ಒಬ್ಬ ಸಾಕ್ಷಿ ಇದ್ದಾಳೆ. ಬಂಗಲೆಯ ಅಡುಗೆಯವಳು. ಕೊಲೆಯ ಹೊತ್ತಿನಲ್ಲಿ ಏನು ಕಂಡಳೆಂಬುದನ್ನು ಹತ್ತೊಂಬತ್ತು ಅಧ್ಯಾಯ ಹೇಳುವುದಿಲ್ಲ. ಹುಡುಗಿಯಾಗಿದ್ದಾಗ ಓದುತ್ತ ನಾನು ಅವಳ ಮೇಲೆ ಸಿಟ್ಟಾಗುತ್ತಿದ್ದೆ. "ಈಕಿ ಬಾಯಿ ಬಿಟ್ಟಿದ್ರ ಕಥೀನ ಮುಗೀತಿತ್ತಲ್ಲ," ಎಂದು ಅಮ್ಮನ ಮುಂದೆ ಕೂಗಾಡಿದ್ದೆ. "ಹೇಳಾಕ ಅಂಜಿಕಿ ಬೇ," ಎಂದಿದ್ದಳು ಅಮ್ಮ. "ಯಾರಿಗಂಜ್ತಾಳ? ಕೊಲೆಗಾರ ಯಾರಂತ ಅಕಿಗೂ ಗೊತ್ತಿಲ್ಲ," ಎಂದು ನಾನು ವಾದಿಸಿದಾಗ ಅಮ್ಮ ಮುಂದಿನ ಹಾಳೆಗೆ ದಬ್ಬಣ ಚುಚ್ಚಿದ್ದಳು.

ಸಿನಿಮಾವನ್ನು ಹೇಗೋ ಮುಗಿಸಿದರು. ನಾಲ್ಕನೇ ಟೇಕು ತೆಗೆಯುವ ಮನಸ್ಸು ಯಾರಿಗೂ ಇರಲಿಲ್ಲ. ಇದ್ದ ಮೂರನೆಯದನ್ನೇ ಬಳಸಿದರು. ಟಿವಿಯಲ್ಲಿ ಬಂದ ಮೇಲೆ ಅದು ಫೋನಿನ ಆ್ಯಪಿನಲ್ಲೂ ಸಿಗುತ್ತದೆ. ನಾನು ಆ ಜಾಗಕ್ಕೆ ಬೆರಳಿನಿಂದ ಎಳೆದು ಎಳೆದು ಎಷ್ಟು ಸಲ ನೋಡಿದ್ದೇನೆಂದು ಹೇಳಲು ನಾಚಿಕೆಯಾಗುತ್ತದೆ. ಬೆರಳು ಅಲುಗುವ ಮೊದಲಿನ ಗಳಿಗೆಯಲ್ಲಿ ಚಿತ್ರವನ್ನು ನಿಲ್ಲಿಸಿ ಸೆಕೆಂಡುಗಳನ್ನು ಹಿಗ್ಗಿಸಿದ್ದಾರೆ. ಸಂಗೀತ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಆದರೆ ಬಿಸಿಲಿನಲ್ಲಿ ತೇಲುತ್ತಿದ್ದ ಧೂಳು ಅಲ್ಲಿ ಗಾಳಿಯಲ್ಲೇ ನಿಂತುಬಿಡುತ್ತದೆ. ಧೂಳು ನಿಂತಿತೆಂದರೆ ಮುಂದಿನದು ನನ್ನ ಕಣ್ಣಿನೊಳಗೆ ನಡೆಯುತ್ತದೆ. ಹತ್ತೊಂಬತ್ತು. ಇಪ್ಪತ್ತಾರು. ಹಮಾಲಿ ಕೂಗಿದ್ದು ನಲವತ್ತರ ಸುಮಾರಿಗೆ. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆನೆಂದರೆ, ಬರೆಯುತ್ತಿದ್ದೆ.

ಸಿನಿಮಾ ಬಂದ ಮರುದಿನ ಫೋನು ಬಂತು. ಆಕೆಯ ತಾಯಿ, ಕುರುಗೋಡಿನಿಂದ. ಹಮಾಲಿಯ ಹತ್ತಿರ ನನ್ನ ನಂಬರು ಇಸಕೊಂಡಿದ್ದರು.

"ಯಮ್ಮಾ, ನೀವೇನ್ರಿ ಬರ್ಕೊಂತ ಕುಂತಿದ್ದೋರು? ಸತ್ತಂಗ ತೆಗೆದ್ರ ಆಮ್ಯಾಲ ನಗಿಸಿ ತೆಗೀಬೇಕಂತಲ್ಲ, ನನ್ನ ಮಗಳನ್ನ ಯಾಕ ನಗಿಸಲಿಲ್ಲ?"

ಅಮ್ಮನಿಗೆ ಕೇಳದಂತೆ ಫೋನು ಹಿಡಿದು ಹೊರಗೆ ಹೋದೆ.

"ಊರ ಮಂದಿಯೆಲ್ಲ ನಿನ್ನೆ ನೋಡ್ಯಾರ. ಅಕಿ ಸತ್ತಾಕಿನ ಉಳದಾಳ ಅದರಾಗ. ಕೆಮ್ಮು ಹೋಗವಲ್ದು, ಹೊಟ್ಟಿನ ಕೆಲಸಕ್ಕ ಹೋಗಾಕ ಆಗವಲ್ದು, ಇಲ್ಲೇ ತಂದು ಇಟ್ಕೊಂಡೀನಿ. ನೀವು ಬಂದು ನಗಿಸಿ ತೆಗೆದು ಹೋಗ್ರಿ. ಅಷ್ಟ ಮಾಡ್ರಿ ಸಾಕು."

ಆ ವಾರವೇ ಹೋದೆ. ಕಾದಂಬರಿಯ ನಡುವಿನಿಂದ ಹಾಳೆ ತೆಗೆದು ಚೀಲದಲ್ಲಿ ಇಟ್ಟುಕೊಂಡೆ. ಬಸ್ಸಿನಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹತ್ತು ಥರ ಜೋಡಿಸಿದೆ. ಹೋದ ಕೂಡಲೇ ಮೊದಲು ಹೇಳುವುದು, ಆಮೇಲೆ ಆಕೆ ಒಪ್ಪಿದರೆ ನಗು ತೆಗೆಯುವುದು, ಎಂದು ತೀರ್ಮಾನಿಸಿದೆ. ಕುರುಗೋಡಿನ ಬಂಡೆಗುಡ್ಡ ಕಂಡಾಗಲೂ ಆ ತೀರ್ಮಾನ ಗಟ್ಟಿಯಾಗಿತ್ತು.

ಆಕೆ ಕಟ್ಟೆಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ತೆಳ್ಳಗಾಗಿದ್ದಳು. ಕಾಲ ಮೇಲೆ ಸೀರೆ ಎಳೆದುಕೊಂಡಿದ್ದಳು. ಒಂದು ಮಾತಾಡಿ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಎದ್ದಳು.

"ಬರ್ರಿ ಅಕ್ಕಾರ. ನಮ್ಮವ್ವ ನಿಮಗ ಫೋನ್ ಹಚ್ಚಿ ಬೈದಾಳಂತ."

"ಬೈಲಿಲ್ಲ," ಎಂದೆ.

"ಹಂಗಾರ ಇನ್ನಾ ಬಾಕಿ ಐತಿ, ಒಳಗ ಬರ್ರಿ."

ಮುದುಕಿ ಬೈಯಲಿಲ್ಲ. ನೀರು ಕೊಟ್ಟರು. ಮಗಳ ಮುಖ ಒರೆಸಿ, ಕುಂಕುಮ ಹಚ್ಚಿ, ಬಾಗಿಲ ಬೆಳಕಿಗೆ ಕೂರಿಸಿದರು. "ತೆಗೀರಿ," ಎಂದರು. ನಾನು ಚೀಲಕ್ಕೆ ಕೈ ಹಾಕಿದೆ. ಹಾಳೆ ಬೆರಳಿಗೆ ತಾಗಿತು. ಅದನ್ನು ಬಿಟ್ಟು ಫೋನು ಹೊರತೆಗೆದೆ. ತೀರ್ಮಾನ ಅಲ್ಲಿಗೆ ಮುಗಿಯಿತು.

"ಹೆಂಗ ನಗ್ಲಿ? ಬಾಯಿ ಮುಚ್ಚೋ, ಹಲ್ಲು ಬಿಟ್ಟೋ?"

"ಹಲ್ಲು ಬಿಟ್ಟು ನಗಬೇ," ಎಂದರು ತಾಯಿ. "ಎಲ್ಲರಿಗೂ ತಿಳೀಬೇಕು."

"ಯಾರಿಗೆ ತಿಳೀಬೇಕವ್ವ? ಯಮನಿಗೇನ?"

ಹೇಳಿ ತನ್ನ ಮಾತಿಗೆ ತಾನೇ ನಕ್ಕಳು. ಒಳ್ಳೆಯ ನಗು. ಗಿರಣಿಯ ಅಂಗಳದಲ್ಲಿ ಕಂಡಿದ್ದೇ ನಗು. ಅದರ ಬಾಲಕ್ಕೇ ಕೆಮ್ಮು ಹತ್ತಿತು. ಕೆಮ್ಮುವ ಮೊದಲೇ ನಿಲ್ಲಿಸಿದೆ. ಹನ್ನೆರಡು ಸೆಕೆಂಡು. ಮುದುಕಿ ಅದನ್ನು ಎರಡು ಸಲ ನೋಡಿ, ಕೈಯಿಂದ ಫೋನಿಗೆ ದೃಷ್ಟಿ ತೆಗೆದು, ಚಹಾ ಇಡಲು ಒಳಗೆ ಹೋದರು.

ಆಗ ಹಾಳೆ ತೆಗೆದೆ. ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಆವತ್ತು ನಿನ್ನ ಬೆರಳು ಅಲ್ಲಾಡಿದ್ದು ನಾ ನೋಡಿದ್ನಿ," ಎಂದೆ. "ಎಲ್ಲಾರಕ್ಕಿಂತ ಮೊದಲ ನೋಡಿದ್ನಿ. ಕೂಗಲಿಲ್ಲ. ಟೇಕು ಕೆಡ್ತು ಅಂತ ಬರೆದ್ನಿ. ಆಮ್ಯಾಲ ಕೇಳಿದ್ರ ನೋಡಿಲ್ಲ ಅಂದ್ನಿ. ಹಾಳಿ ಬದಲು ಮಾಡಿ ಕೊಟ್ನಿ. ಹೊಟ್ಟಿಗೆ ನೀರು ಹೊಡೀರಿ ಅಂದ್ರ ಬ್ಯಾಡ ಅಂದಾಕಿನೂ ನಾನ. ಇದು ಅಸಲಿ ಹಾಳಿ."

ಆಕೆ ಹಾಳೆ ಇಸಕೊಂಡಳು. ಏಳನೇ ಇಯತ್ತೆಯವರೆಗೆ ಓದಿದ್ದಳಂತೆ. ಬೆರಳಿಟ್ಟು, ಅಕ್ಷರ ಕೂಡಿಸಿ, ಉಸಿರು ತೆಗೆದುಕೊಳ್ಳುತ್ತ ಓದಿದಳು. "ಹತ್ತೊಂಬತ್ತು. ಎಡಗಾಲ ಬೆರಳು ಅಲುಗಿತು. ಇಪ್ಪತ್ತಾರು. ಮತ್ತೆ. ಈ ಟೇಕ್ ಬೇಡ. ಮತ್ತೆ ತೆಗೆಯಬೇಕು." ಗೆರೆಯ ಮೇಲೆ ಬೆರಳಾಡಿಸಿದಳು. ಮತ್ತೊಂದು ಸಲ ಮೊದಲಿನಿಂದ ಓದಿದಳು.

"ಮೂರು ಸಲ ಅಲ್ಲಾಡಿಸಿದ್ನಿ ಅಕ್ಕಾರ," ಎಂದಳು. "ಎರಡ ಬರೆದೀರಿ."

ಒಳಗೆ ಸಕ್ಕರೆ ಡಬ್ಬಿ ತೆಗೆದ ಸದ್ದಾಯಿತು.

"ಕೈ ಎತ್ತಾಕ ಬರವಲ್ದಾಗಿತ್ತು. ಬಾಯಿ ತೆಗೆದ್ರ ಹೊಟ್ಟು. ಕಾಲೊಂದ ಹೊರಗಿತ್ತು. ನಾ ನೋಡ್ಕೊಂತ ಕುಂತಿರ್ತೀನಿ ಅಂದಿದ್ರಲ್ಲ ನೀವು. ಅಲ್ಲಾಡಿಸಿದ್ರ ಅಕ್ಕಾರು ಬೈಯಾಕರೆ ಬಂದು ಬುಟ್ಟಿ ಎತ್ತತಾರ ಅಂತ ಅಲ್ಲಾಡಿಸಿದ್ನಿ. ಬರಲಿಲ್ಲ. ಮತ್ತ ಅಲ್ಲಾಡಿಸಿದ್ನಿ. ಮೂರನೇ ಸಲ ಜೋರಾಗಿ ಒದ್ದಿದ್ನಿ."

ಇಪ್ಪತ್ತಾರನೆಯದನ್ನು ಬರೆದು ಗೆರೆ ಎಳೆಯುತ್ತ ನಾನು ತಲೆ ಬಗ್ಗಿಸಿದ್ದೆನಲ್ಲ, ಆಗ. ಹಮಾಲಿ ಕಂಡದ್ದು ಅದನ್ನೇ. ನಾನು ಅದನ್ನು ಕಂಡೇ ಇರಲಿಲ್ಲ. ಇಷ್ಟು ತಿಂಗಳು ನಾನು ಮನಸ್ಸಿನಲ್ಲಿ ಎಳೆದೆಳೆದು ನೋಡಿದ್ದು ಎರಡೇ ಅಲುಗಾಟ. ಅವೆರಡೂ ನನ್ನ ಕಣ್ಣಿನ ಮುಂದಿನವು.

ಕೈ ಮುಗಿದೆ. ಆಕೆ ಅದನ್ನು ನೋಡಲಿಲ್ಲ.

"ಪೆನ್ ಐತೇನ್ರಿ?"

ಕೊಟ್ಟೆ. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಇಪ್ಪತ್ತಾರರ ಕೆಳಗಿದ್ದ ಖಾಲಿ ಜಾಗದಲ್ಲಿ, ಶಾಲೆಯ ಮಕ್ಕಳ ದಪ್ಪ ಅಕ್ಷರದಲ್ಲಿ ಬರೆದಳು: "ಮತ್ತೊಮ್ಮೆ." ಸೆಕೆಂಡಿನ ಅಂಕಿ ಬರೆಯುವ ಜಾಗವನ್ನು ಹಾಗೆಯೇ ಬಿಟ್ಟಳು. ಹಾಳೆಯನ್ನು ನನ್ನ ಮಡಿಕೆಯಲ್ಲೇ ಮಡಚಿ, ಹೂವಿನ ಬುಟ್ಟಿಯ ಅಡಿಗೆ ಇಟ್ಟಳು.

"ಇದು ನನ್ನ ಹಂತ್ಯಾಕ ಇರ್ಲಿ. ನಮ್ಮ ಮನಿಯವರು ಬರ್ತಾರ ಐತವಾರ. ಅವರು ಓದ್ಲಿ."

"ಇರ್ಲಿ," ಎಂದೆ. "ಯಾರು ಬಂದು ಕೇಳಿದ್ರೂ ಬರೆದಾಕಿ ನಾನ ಅಂತ ಹೇಳ್ತೀನಿ."

"ಹೇಳ್ರಿ." ಹೂವಿನ ದಾರ ಕೈಗೆತ್ತಿಕೊಂಡು ಅಂದಳು: "ಫೋನಿನ್ಯಾಗಿಂದು ಅಳಸ್ರಿ."

"ಯಾವುದು?"

"ನಗೂದು. ಗೊತ್ತಿದ್ರ ನಗ್ತಿದ್ದಿಲ್ಲ ನಾನು."

ಆಕೆಯ ಎದುರಿಗೇ ಅಳಿಸಿದೆ. ನಿಜವಾಗಿಯೂ ಹೋಯಿತೇ ಎಂದು ಫೋನು ಇಸಕೊಂಡು ನೋಡಿದಳು. ಅಷ್ಟರಲ್ಲಿ ತಾಯಿ ಮೂರು ಲೋಟ ಚಹಾ ತಂದರು. "ಕೊಡ್ರಿ, ಇನ್ನೊಂದ್ಸಲ ನೋಡ್ತೀನಿ," ಎಂದು ಕೈ ಚಾಚಿದರು.

"ಇಲ್ಲವ್ವ, ಅಳ್ಸೀವಿ," ಎಂದಳು ಆಕೆ.

"ಯಾಕಬೇ! ಚಂದ ಬಂದಿತ್ತಲ್ಲ!"

"ಸರಿ ಬಂದಿದ್ದಿಲ್ಲ," ಎಂದು ಆಕೆ ಹೂವಿನ ದಾರವನ್ನು ಕಾಲಬೆರಳಿಗೆ ಸುತ್ತಿಕೊಂಡು ಎಳೆದು ಹಿಡಿದಳು. "ಮತ್ತ ತೆಗೀಬೇಕು."

"ಇವತ್ತ?"

"ಇವತ್ತಲ್ಲ."

ಮುದುಕಿ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಕೆ ಮತ್ತೆ ಕಟ್ಟತೊಡಗಿದಳು. ಪ್ರತಿ ಗಂಟಿಗೂ ದಾರ ಬಿಗಿದು, ಆ ಎಡಗಾಲ ಬೆರಳು ಅಲುಗುತ್ತಿತ್ತು. ನಾನು ಚಹಾ ಕುಡಿದು ಮುಗಿಸುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ.